ಹದಿನೆಂಟು ಮನೆಗಳ ಕುಂದು

ಮಾರ್ಚ್ 3, ಸೋಮವಾರ

ದೊಡ್ಡ ಕೆಲಸಕ್ಕೆ ಕೈ ಹಾಕಿದವರು ದಿನಚರಿ ಬರೆದಿಡಬೇಕಂತೆ. ಮುಂದೆ ಯಾರಾದರೂ ‘ಅದನ್ನೆಲ್ಲ ಹೇಗೆ ಸಾಧಿಸಿದಿರಿ?’ ಎಂದು ಕೇಳಿದರೆ ತಡವರಿಸಬಾರದಲ್ಲ. ಇಪ್ಪತ್ತಾರು ವರ್ಷದಿಂದ ಈ ಊರಿನಲ್ಲಿ ಮನೆ ಮಾರಿಸುವ, ಕೊಡಿಸುವ ಕೆಲಸ ಮಾಡುತ್ತಿದ್ದೇನೆ. ಇದುವರೆಗೆ ಜನ ನನ್ನನ್ನು ಕೇಳಿದ್ದು ‘ನೀರು ಚೆನ್ನಾಗಿ ಬರುತ್ತಾ?’ ಎಂಬ ಒಂದೇ ಪ್ರಶ್ನೆ. ಇನ್ನು ಮುಂದೆ ಹಾಗಲ್ಲ. ಕಾಲ ಬದಲಾಗುತ್ತಿದೆ. ನಾನು ಬದಲಾಗುವವಳಲ್ಲ, ಬದಲಾಗುತ್ತಿರುವುದು ಕಾಲ ಮಾತ್ರ.

ವಿಷಯ ಇಷ್ಟು: ಊರಿಗೆ ಪುನಶ್ಚೇತನ ಬರುತ್ತಿದೆ. ಛತ್ರಿ ಕಾರ್ಖಾನೆ ಮುಚ್ಚಿದಂದಿನಿಂದ ಹದಿನಾಲ್ಕು ವರ್ಷ ಊರು ಹಗಲಲ್ಲೇ ಗೊರಕೆ ಹೊಡೆಯುತ್ತಿದೆ. ಪುರಸಭೆಯೂ ಹೊರಗಿನಿಂದ ಬಂದ ಒಂದು ಕಂಪನಿಯೂ ಸೇರಿ ಅದರ ಮುಖಕ್ಕೆ ನೀರು ಚಿಮುಕಿಸಲಿವೆ. ನೀರು ಎಂದರೆ ಕಾರಂಜಿ. ಕಾರಂಜಿ ಬರಬೇಕಾದರೆ ಕಾರ್ಖಾನೆಯ ಹಿಂದಿನ ಬೀದಿಯ ಹದಿನೆಂಟು ಮನೆಗಳನ್ನು ಕಂಪನಿ ಕೊಂಡು ಕೆಡವಬೇಕು. ಛತ್ರಿ ಮಾಡುವವರಿಗಾಗಿ ಕಟ್ಟಿದ ಮನೆಗಳು ಅವು, ಹದಿನೆಂಟೂ ಸೋರುತ್ತವೆ. ಅಲ್ಲಿ ಸಹಿ ಹಾಕಿಸುವ ಕೆಲಸ ನನಗೆ ಬಂದಿದೆ.

ಕಂಪನಿಯ ಮನುಷ್ಯ ಒಂದು ಚಿತ್ರ ತೋರಿಸಿದರು. ನಾಳಿನ ಊರು. ಎಣಿಸಿದೆ, ಅದರಲ್ಲಿ ಮೂವತ್ತೊಂದು ಜನ ಓಡಾಡುತ್ತಿದ್ದಾರೆ. ಒಬ್ಬರ ಕೈಯಲ್ಲೂ ತರಕಾರಿ ಚೀಲವಿಲ್ಲ, ಒಬ್ಬರಿಗೂ ಹೊಟ್ಟೆಯಿಲ್ಲ. ಕೆಳಗಿನ ಮೂಲೆಯಲ್ಲಿ ಒಂದು ಗಾಜಿನ ಕೋಣೆ. “ಇದು ನಿಮ್ಮ ಆಫೀಸು ಮೇಡಂ” ಎಂದರು. ನನ್ನ ಈಗಿನ ಆಫೀಸು ಸೈಕಲ್ ರಿಪೇರಿ ಅಂಗಡಿಯ ಮುಂದಿನ ಒಂದು ಮೇಜು. ಗಾಜಿನ ಕೋಣೆಯೊಳಗೆ ಕೂತಿದ್ದ ಹೆಂಗಸಿಗೂ ಹೊಟ್ಟೆಯಿರಲಿಲ್ಲ. ಇರಲಿ, ಅದನ್ನು ನಾನು ಸರಿಪಡಿಸುತ್ತೇನೆ.

ಈ ಮನುಷ್ಯ ಸದಾ ನಗುತ್ತಿರುತ್ತಾರೆ. ಬೀದಿಯವರು ಆಗಲೇ ‘ನಗುಮುಖ’ ಎಂದು ಹೆಸರಿಟ್ಟಿದ್ದಾರೆ. ಆ ಬೀದಿಯವರಿಗೆ ಮರ್ಯಾದೆ ಎಂಬುದೇ ಇಲ್ಲ.

ಮಾರ್ಚ್ 6, ಗುರುವಾರ

ಕರಾರು ಪತ್ರಕ್ಕೆ ನನ್ನ ಹಳೆಯ ಅಚ್ಚಿನ ಫಾರಮ್ಮೇ ಸಾಕು, ಹಿಂದೆ ಕಂಪನಿಯದೊಂದು ಹಾಳೆ ಲಗತ್ತಿಸಿದರೆ ಆಯಿತು ಎಂದರು ನಗುಮುಖ. ಜನ ಅದನ್ನು ನಂಬುತ್ತಾರಂತೆ. ನಂಬದೆ ಏನು? ಅದನ್ನು ಬರೆದದ್ದು ಅಪ್ಪ.

ದಾಖಲೆಗಾಗಿ ಬರೆಯುತ್ತಿದ್ದೇನೆ: ಅಪ್ಪ ಈ ಊರಿನ ಮೊದಲ ಬ್ರೋಕರ್. ಒಮ್ಮೆ ಸೂರಿನ ತೊಲೆಗೆ ಗೆದ್ದಲು ಹಿಡಿದ ಮನೆಯನ್ನು ಸುಮ್ಮನೆ ಬಾಯಿ ಮುಚ್ಚಿಕೊಂಡು ಮಾರಿಸಿದರು. ಕೊಂಡಾತ ಆರು ತಿಂಗಳ ಮೇಲೆ ಬಂದ. ಬೈಯಲಿಲ್ಲ, ತೊಲೆಯ ಒಂದು ತುಂಡನ್ನು ಮೇಜಿನ ಮೇಲಿಟ್ಟು ಹೋದ. ಅಂದಿನಿಂದ ಅಪ್ಪ ಪ್ರತಿ ಮನೆಗೂ ‘ಕುಂದು ಪಟ್ಟಿ’ ಬರೆದರು. ಮನೆಯ ಒಳಗೇ ನಿಂತು, ಮಾರುವವರೂ ಕೊಳ್ಳುವವರೂ ಕೇಳುವಂತೆ ಒಂದೊಂದೇ ಕುಂದನ್ನು ಗಟ್ಟಿಯಾಗಿ ಓದುತ್ತಿದ್ದರು. ಫಾರಮ್ಮಿನ ಏಳನೇ ಕಲಮು ಅದೇ. ತೊಲೆಯ ತುಂಡು ಈಗಲೂ ನನ್ನ ಮೇಜಿನ ಮೇಲಿದೆ, ಗಾಳಿಗೆ ಕಾಗದ ಹಾರದಂತೆ.

ಪಟ್ಟಿ ಬರೆದು ಕೊಟ್ಟರೆ ಸಾಕು, ಓದುವುದೆಲ್ಲ ನಿಧಾನಕ್ಕೆ ನೋಡಿಕೊಳ್ಳೋಣ, ಟೈಮಿಲ್ಲ ಎಂದರು ನಗುಮುಖ. ಸರಿ ಎಂದೆ. ಪುನಶ್ಚೇತನ ಕಾಯುವುದಿಲ್ಲ.

ಮಾರ್ಚ್ 7, ಶುಕ್ರವಾರ

ಒಂಬತ್ತನೇ ನಂಬರಿನ ಮನೆ. ಅದು ಅಕ್ಕನದು. ಅಪ್ಪ ಹೋದ ಮೇಲೆ ಪಾಲಾದಾಗ ಅವಳಿಗೆ ಮನೆ ಬಂತು. ನನಗೆ ಮೇಜು, ಫಾರಮ್ಮು ಮತ್ತು ಗೆದ್ದಲು ತಿಂದ ಕಟ್ಟಿಗೆ ಬಂತು. ಹನ್ನೊಂದು ವರ್ಷ ನಾನು ಆ ಮನೆಯ ಹೊಸ್ತಿಲು ತುಳಿದಿಲ್ಲ. ಕೋಪವೇನಿಲ್ಲ. ಬಿಡುವಿರಲಿಲ್ಲ.

ಇಂದು ಹೊಸ್ತಿಲ ಹೊರಗೇ ನಿಂತು ಚಿತ್ರ ಬಿಡಿಸಿ ಹಿಡಿದೆ. ಅಕ್ಕ ಛತ್ರಿಯ ಕಡ್ಡಿಗೆ ದಾರ ಸುತ್ತುತ್ತಿದ್ದಳು. ಕಾರ್ಖಾನೆ ಮುಚ್ಚಿದರೂ ಅವಳು ಮುಚ್ಚಲಿಲ್ಲ, ಊರಿನ ಮುರಿದ ಛತ್ರಿಗಳೆಲ್ಲ ಅವಳ ಹಜಾರಕ್ಕೇ ಬರುತ್ತವೆ. ಕನ್ನಡಕದ ಮೇಲಿನಿಂದ ಚಿತ್ರ ನೋಡಿದಳು.

“ಏನೇ ಪುಟ್ಟಿ, ನಿನ್ನ ಕಾರಂಜಿ ಎಲ್ಲಿ ಬರುತ್ತೆ? ನನ್ನ ಒಲೆ ಮೇಲಾ?”

ನಾನು ವೃತ್ತಿಪರಳು. ಅಳತೆ ನೋಡಿ ಹೇಳಿದೆ: “ಒಲೆ ಮೇಲಲ್ಲ, ಬಚ್ಚಲ ಮೇಲೆ.”

“ಹಾಗಾದ್ರೆ ಸರಿ, ಅಲ್ಲಿ ನೀರು ಬರೋದೇ ಇಲ್ಲ” ಎಂದು ಮತ್ತೆ ದಾರ ಸುತ್ತತೊಡಗಿದಳು. ಸಹಿ ಮಾತ್ರ ಇಲ್ಲ. ಐವತ್ತೆರಡು ವರ್ಷದವಳನ್ನು ನಡುಬೀದಿಯಲ್ಲಿ ಪುಟ್ಟಿ ಎಂದು ಕರೆಯುವವಳ ಜೊತೆ ವ್ಯವಹಾರ ಹೇಗೆ ಸಾಧ್ಯ? ಒಳಗಿನಿಂದ ಭಾವ ಇಣುಕಿ “ಸಂಜೆ ಮಳೆ ಬರುತ್ತೆ” ಎಂದರು. ಭಾವ ದಿನಕ್ಕೆ ಒಂದು ಮಾತಾಡುತ್ತಾರೆ, ಅದೂ ಹವಾಮಾನದ ಬಗ್ಗೆ. ಇದುವರೆಗೆ ಒಮ್ಮೆಯೂ ತಪ್ಪಿದ್ದಿಲ್ಲ.

ನಿರ್ಣಯ: ಅಕ್ಕನ ಜೊತೆ ಮಾತಿಲ್ಲ. ಉಳಿದ ಹದಿನೇಳು ಸಹಿ ಹಾಕಿಸಿ ತೋರಿಸುತ್ತೇನೆ.

ಸಂಜೆ ಮಳೆ ಬಂತು.

ಮಾರ್ಚ್ 15, ಶನಿವಾರ

ಹನ್ನೊಂದು ಸಹಿ ಆಯಿತು.

ಮೊದಲನೇ ಮನೆಯ ಅಂಚೆ ಮಾವ ಮೊದಲಿಗರಾಗಿ ಹಾಕಿದರು. ನಲವತ್ತು ವರ್ಷ ಊರಿಗೆಲ್ಲ ಕಾಗದ ಹಂಚಿದವರು ಅವರು. ತಮ್ಮ ಪಾಲಿನ ಕಾಗದವನ್ನು ಓದದೆಯೇ ಸಹಿ ಮಾಡಿದರು. ಬೇರೆಯವರ ಕಾಗದ ಓದಬಾರದೆಂಬ ಅಭ್ಯಾಸವಂತೆ. “ನಿಮ್ಮಪ್ಪನ ಫಾರಮ್ಮಲ್ವಾ?” ಎಂದಷ್ಟೇ ಕೇಳಿದರು. ಎಲ್ಲರೂ ಅಷ್ಟೇ ಕೇಳುತ್ತಾರೆ. ಅಪ್ಪನ ಹೆಸರಿಗೆ ಇಷ್ಟು ಬೆಲೆ ಇರುವಾಗ ನನಗೆ ಬರೀ ಮೇಜು ಬಂದದ್ದು ಅನ್ಯಾಯವೇನಲ್ಲ ಎಂದು ಮೊದಲ ಸಲ ಅನ್ನಿಸಿತು.

ಕುಂದು ಪಟ್ಟಿಗಳನ್ನು ಮನಸ್ಸಿಟ್ಟು ಬರೆಯುತ್ತಿದ್ದೇನೆ. ಮನೆ ಎಂದರೆ ಮನುಷ್ಯರ ಹಾಗೆ, ಕುಂದನ್ನು ಸ್ವಲ್ಪ ಪ್ರೀತಿಯಿಂದ ಹೇಳಬೇಕು ಎನ್ನುತ್ತಿದ್ದರು ಅಪ್ಪ. ಅಂಚೆ ಮಾವನ ಮನೆ: ‘ಅಡುಗೆ ಮನೆಯ ಬಾಗಿಲು ಮಳೆ ಬಂದರೆ ಮುನಿಸಿಕೊಳ್ಳುತ್ತದೆ, ಭುಜ ಕೊಟ್ಟು ಸಮಾಧಾನ ಮಾಡಬೇಕು. ನಲ್ಲಿ ನಿಲ್ಲಿಸಿದ ಮೇಲೂ ಒಂದಷ್ಟು ಹೊತ್ತು ಗೊಣಗುತ್ತದೆ. ಗೋಡೆಗೆ ಕಿವಿಯಿದೆ, ಪಕ್ಕದ ಮನೆಯವರು ಸೀನಿದರೆ ಇಲ್ಲಿಂದಲೇ ನೂರು ವರ್ಷ ಬಾಳಿ ಎನ್ನಬಹುದು. ಹೊರಗಿನ ಮೂರನೇ ಮೆಟ್ಟಿಲು ಸುಳ್ಳು ಹೇಳುತ್ತದೆ, ಸಮವಾಗಿರುವಂತೆ ಕಾಣುತ್ತದೆ, ಇಲ್ಲ.’

ಮಾರ್ಚ್ 22, ಶನಿವಾರ

ಹದಿನೇಳು. ಅಂದರೆ ಒಂಬತ್ತನೇ ನಂಬರು ಬಿಟ್ಟು ಎಲ್ಲ.

ನಗುಮುಖ ಅಭಿನಂದಿಸಿದರು. ಸಹಿ ಇಲ್ಲದಿದ್ದರೂ ಒಂಬತ್ತರ ಕುಂದು ಪಟ್ಟಿಯೂ ಬೇಕಂತೆ, ಫೈಲು ತುಂಬಿರಬೇಕಂತೆ. ಅದಕ್ಕೆ ನಾನು ಅಲ್ಲಿಗೆ ಹೋಗಬೇಕಿಲ್ಲ. ಆ ಮನೆಯಲ್ಲಿ ಹುಟ್ಟಿದವಳು. ಕಣ್ಣು ಮುಚ್ಚಿ ಬರೆಯಬಲ್ಲೆ.

ಬರೆದೆ. ಮೂರು ಪುಟ ಆಯಿತು. ಏಳು ಕಡೆ ಸೋರುತ್ತದೆ. ಯಾವುದಕ್ಕೆ ತಂಬಿಗೆ, ಯಾವುದಕ್ಕೆ ಬೋಗುಣಿ ಎಂದು ಬರೆದೆ. ಹಜಾರದ ಕಿಟಕಿಯ ಒಂದು ಗಾಜು ಬೇರೆ ಬಣ್ಣದ್ದು. ಒಡೆದದ್ದು ದೊಡ್ಡವಳು, ಏಟು ತಿಂದದ್ದು ಚಿಕ್ಕವಳು. ಹಿತ್ತಿಲ ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿದರೂ ಹೊರಗಿನಿಂದ ಹೇರ್‌ಪಿನ್ನಿನಲ್ಲಿ ತೆಗೆಯಬಹುದು. ಹೀಗೆ ಬರೆಯುತ್ತಾ ಮಧ್ಯಾಹ್ನದ ಊಟ ಮರೆತೆ. ಕೆಲಸದ ಮೇಲಿನ ಶ್ರದ್ಧೆ, ಬೇರೇನಿಲ್ಲ.

ಫೈಲು ಕೊಟ್ಟು ಬಂದೆ.

ಏಪ್ರಿಲ್ 5, ಶನಿವಾರ

ಗಾಜಿನ ಕೋಣೆ ಸಿದ್ಧವಾಗಿದೆ. ಮಾದರಿಗೆಂದು ಅದೊಂದನ್ನೇ ಮೊದಲು ಕಟ್ಟಿದ್ದಾರೆ, ಕಾರ್ಖಾನೆಯ ಗೇಟಿನ ಬಳಿ. ನಗುಮುಖ ಒಳಗೆ ಕೂರಿಸಿ ಬೀಗದ ಕೈ ತೋರಿಸಿದರು. ಕೆಲಸ ಮುಗಿದ ದಿನ ಕೊಡುತ್ತಾರಂತೆ. ಹತ್ತು ನಿಮಿಷ ಕೂತೆ. ಘನತೆ ಎಂದರೆ ಏನೆಂದು ತಿಳಿಯಿತು. ಬೆವರು ಎಂದರೆ ಏನೆಂದೂ ತಿಳಿಯಿತು. ಕಿಟಕಿಗಳು ತೆರೆಯುವುದಿಲ್ಲ. ಒಂದು ಪಾರಿವಾಳ ಬಂದು ನನ್ನ ಮುಖದ ನೇರಕ್ಕೇ ಢಿಕ್ಕಿ ಹೊಡೆದು, ಕೆಳಗೆ ಕೂತು, ನನ್ನನ್ನೇ ತಪ್ಪಿತಸ್ಥಳ ಹಾಗೆ ನೋಡಿತು.

ಅಭ್ಯಾಸಬಲದಿಂದ ಕೋಣೆಗೂ ಒಂದು ಕುಂದು ಪಟ್ಟಿ ಬರೆದುಕೊಂಡೆ. ಆರು. ಹರಿದು ಹಾಕಲಿಲ್ಲ.

ಏಪ್ರಿಲ್ 8, ಮಂಗಳವಾರ

ಇಂದು ಆ ಬೀದಿಯ ಹದಿನೆಂಟೂ ಗೋಡೆಗಳ ಮೇಲೆ ನೋಟೀಸು ಅಂಟಿಸಿದ್ದಾರೆ.

‘ಈ ಮನೆ ವಾಸಕ್ಕೆ ಅಯೋಗ್ಯ ಎಂದು ಘೋಷಿಸುವಂತೆ ಕಂಪನಿಯು ಪುರಸಭೆಗೆ ಅರ್ಜಿ ಸಲ್ಲಿಸಿದೆ. ಏಪ್ರಿಲ್ 21ರ ಸಭೆಯಲ್ಲಿ ತೀರ್ಮಾನ.’ ಕೆಳಗೆ ಕಾರಣಗಳು. ಓದುತ್ತಾ ನಿಂತೆ. ನನ್ನ ವಾಕ್ಯಗಳು. ನನ್ನ ಅಲ್ಪವಿರಾಮಗಳು.

‘ಬಾಗಿಲು ಮುನಿಸಿಕೊಳ್ಳುತ್ತದೆ: ಕಟ್ಟಡ ವಾಲುತ್ತಿರುವುದಕ್ಕೆ ಸಾಕ್ಷಿ. ಗೋಡೆಗೆ ಕಿವಿಯಿದೆ: ಗೋಡೆಯಲ್ಲಿ ರಂಧ್ರಗಳು. ಮೆಟ್ಟಿಲು ಸುಳ್ಳು ಹೇಳುತ್ತದೆ: ಪ್ರಾಣಾಪಾಯ.’

ಅಂಚೆ ಮಾವ ಕೈ ಹಿಂದೆ ಕಟ್ಟಿಕೊಂಡು ಪಕ್ಕಕ್ಕೆ ಬಂದು ನಿಂತರು. ಅಯೋಗ್ಯ ಎಂದಾದರೆ ಮನೆಗೆ ಬೆಲೆಯಿಲ್ಲ, ನೆಲಕ್ಕೆ ಮಾತ್ರ. ಕರಾರಿನಲ್ಲಿ ಒಪ್ಪಿದ್ದರಲ್ಲಿ ಅರ್ಧವೂ ಬರುವುದಿಲ್ಲವಂತೆ. ಫಾರಮ್ಮಿನ ಹಿಂದೆ ಕಂಪನಿ ಒಂದು ಹಾಳೆ ಲಗತ್ತಿಸಿತ್ತಲ್ಲ, ಅದರಲ್ಲಿ ಹಾಗಿದೆಯಂತೆ. ಸಹಿ ಹಾಕದವರೂ ಮನೆ ಖಾಲಿ ಮಾಡಬೇಕಂತೆ. ಅವರು ಬೈಯಲಿಲ್ಲ. ನಿಮ್ಮಪ್ಪನ ಫಾರಮ್ಮು ಎಂದುಕೊಂಡಿದ್ದೆ ಎಂದಷ್ಟೇ ಹೇಳಿ ಒಳಗೆ ಹೋದರು. ಮೂರನೇ ಮೆಟ್ಟಿಲನ್ನು ನೋಡದೆಯೇ ದಾಟಿದರು, ಮೂವತ್ತು ವರ್ಷದ ರೂಢಿ.

ಒಂಬತ್ತನೇ ಮನೆಯ ಮುಂದೆ ಅಕ್ಕ ನೋಟೀಸಿನ ಕೊನೆಯ ಸಾಲಿನ ಮೇಲೆ ಬೆರಳಿಟ್ಟು ನಿಂತಿದ್ದಳು.

“ಹೇರ್‌ಪಿನ್ ವಿಷಯ ಅಪ್ಪನಿಗೂ ಗೊತ್ತಿರಲಿಲ್ಲ, ಪುಟ್ಟಿ.”

ಅಷ್ಟು ಹೇಳಿ ಬಾಗಿಲು ಹಾಕಿಕೊಂಡಳು. ಚಿಲಕದ ಸದ್ದು ಬೀದಿಗೆಲ್ಲ ಕೇಳಿಸಿತು.

ಏಪ್ರಿಲ್ 9, ಬುಧವಾರ

ನನ್ನದೇನೂ ತಪ್ಪಿಲ್ಲ.

ಏಪ್ರಿಲ್ 10, ಗುರುವಾರ

ತಪ್ಪಿಲ್ಲ ಎಂದು ನಿನ್ನೆಯೇ ಬರೆದಿದ್ದೇನೆ. ಮತ್ತೆ ಬರೆಯುವ ಅಗತ್ಯವಿಲ್ಲ.

ಸುಮ್ಮನೆ ಆ ಕಡೆ ಬಂದವಳ ಹಾಗೆ ಗಾಜಿನ ಕೋಣೆಗೆ ಹೋಗಿ ನೋಟೀಸಿನ ಬಗ್ಗೆ ನಗುಮುಖರನ್ನು ಕೇಳಿದೆ. ಇದು ಬರೀ ಕ್ರಮ ಮೇಡಂ ಎಂದರು, ನಗುತ್ತಾ. ನನ್ನ ಬರವಣಿಗೆಯನ್ನು ಅವರ ಮೇಲಿನವರು ಬಹಳ ಮೆಚ್ಚಿದ್ದಾರಂತೆ. ಇಷ್ಟು ವಿವರವಾಗಿ ಯಾವ ಎಂಜಿನಿಯರೂ ಬರೆದಿರಲಿಲ್ಲವಂತೆ. ಹೊಗಳಿಕೆಗೆ ಮೈ ಉರಿಯಬಹುದೆಂದು ನನಗೆ ಗೊತ್ತಿರಲಿಲ್ಲ. ಬೀಗದ ಕೈಯನ್ನು ಮೇಜಿನ ಮೇಲೆ ನನ್ನತ್ತ ಸರಿಸಿ, ಇಪ್ಪತ್ತೊಂದರ ಸಭೆ ಮುಗಿದ ಕೂಡಲೇ ನಿಮ್ಮದೇ ಎಂದರು. ನಾನು ಅದನ್ನು ಅವರತ್ತಲೇ ಸರಿಸಿದೆ. ಅದು ತಿರಸ್ಕಾರವಲ್ಲ, ಸಭೆ ಇನ್ನೂ ಮುಗಿದಿಲ್ಲವಲ್ಲ, ಅದಕ್ಕೆ.

ಮರಳಿ ಬಂದು ಮೇಜಿನ ಮುಂದೆ ಕೂತಾಗ ಸೈಕಲ್ ಅಣ್ಣ ಚಕ್ರ ತಿರುಗಿಸುತ್ತಾ ಹೇಳಿದ: “ಬ್ರೋಕರಮ್ಮ, ಪಂಕ್ಚರ್ ಎಲ್ಲಿದೆ ಅಂತ ನಾನು ಗಿರಾಕಿಗೆ ತೋರಿಸ್ತೀನಿ. ಅದನ್ನ ನೋಡ್ಕೊಂಡು ಇನ್ನೊಬ್ಬ ಮೊಳೆ ಹೊಡೆದ್ರೆ ನಾನೇನು ಮಾಡ್ಲಿ, ಹೇಳಿ?”

ಅವನು ಸಮಾಧಾನ ಹೇಳಿದನೋ ಚುಚ್ಚಿದನೋ ತಿಳಿಯಲಿಲ್ಲ. ಸಿಟ್ಟಿಗೆ ತೊಲೆಯ ತುಂಡನ್ನು ಎತ್ತಿ ಕುಕ್ಕಿದೆ. ಅದರ ಕೆಳಗಿದ್ದ ಖಾಲಿ ಫಾರಮ್ಮು ಹಾರಿ ಕಾಲ ಬಳಿ ಬಿತ್ತು. ಇಪ್ಪತ್ತಾರು ವರ್ಷದಲ್ಲಿ ಮೊದಲ ಬಾರಿಗೆ ಅದನ್ನು ಪೂರ್ತಿ ಓದಿದೆ.

‘ಏಳನೇ ಕಲಮು. ಮನೆಯ ಕುಂದುಗಳನ್ನು ಆ ಮನೆಯೊಳಗೇ ನಿಂತು, ಊರಿನ ಒಬ್ಬ ಮರ್ಯಾದಸ್ಥರ ಸಮಕ್ಷಮ, ಗಟ್ಟಿಯಾಗಿ ಓದತಕ್ಕದ್ದು. ಕೊಳ್ಳುವವರು ಖುದ್ದಾಗಿ ಹಾಜರಿದ್ದು ಪ್ರತಿಯೊಂದು ಕುಂದಿಗೂ “ಕೇಳಿದೆ, ಗೊತ್ತು, ಒಪ್ಪಿದೆ” ಎನ್ನತಕ್ಕದ್ದು. ಅಲ್ಲಿಯ ತನಕ ಇದು ಬರಿಯ ಕಾಗದ. ಇದರ ಹಿಂದೆ ಮುಂದೆ ಅಂಟಿಸಿದ್ದೂ ಬರಿಯ ಕಾಗದ.’

ಅಪ್ಪ ಹೀಗೆ ಬರೆದಿದ್ದರೇ? ಹಿಂದೆ ಮುಂದೆ ಅಂಟಿಸಿದ್ದು ಎಂದು ಆಗಲೇ ಹೊಳೆದಿತ್ತೆ? ಅಥವಾ ಯಾರೋ ಒಮ್ಮೆ ಅಂಟಿಸಿ ಬುದ್ಧಿ ಕಲಿಸಿದ್ದರೇ?

ಒಂದೇ ಒಂದು ಮನೆಯಲ್ಲೂ ನಾನು ಓದಿಲ್ಲ.

ಏಪ್ರಿಲ್ 11, ಶುಕ್ರವಾರ

ನಗುಮುಖರಿಗೆ ಕಾಗದ ಬರೆದೆ: ಹದಿನೇಳು ಮನೆಗಳಲ್ಲೂ ಕುಂದು ಓದುವುದು ಬಾಕಿ ಇದೆ, ಏಳನೇ ಕಲಮಿನ ಪ್ರಕಾರ ಅಲ್ಲಿಯ ತನಕ ಕರಾರು ಬರಿಯ ಕಾಗದ, ಇದು ನನ್ನ ಲೋಪ, ಹದಿನೇಳರಂದು ಗುರುವಾರ ಬೆಳಿಗ್ಗೆ ಮೊದಲನೇ ಮನೆಯಿಂದ ಆರಂಭ, ಖುದ್ದು ಬರತಕ್ಕದ್ದು. ಅವರು ಓಡಿ ಬಂದರು. ಮೇಲಿನವರಿಗೆ ತಿಂಗಳ ಕೊನೆಯೊಳಗೆ ಪಕ್ಕಾ ಕರಾರು ತೋರಿಸಬೇಕಂತೆ, ಬರಿಯ ಕಾಗದ ಎಂದರೆ ಅವರ ಕೆಲಸಕ್ಕೇ ಸಂಚಕಾರವಂತೆ.

“ಬರೀ ಓದೋದು ತಾನೇ ಮೇಡಂ?”

“ಬರೀ ಓದೋದು.”

ನಿರಾಳವಾಗಿ ನಕ್ಕರು. ನಾನೂ ನಕ್ಕೆ. ವೃತ್ತಿಧರ್ಮ ಪಾಲಿಸುವುದು ಬಿಟ್ಟು ನನಗೆ ಬೇರೆ ಯಾವ ಉದ್ದೇಶವೂ ಇಲ್ಲ ಎಂದು ಇಲ್ಲಿ ಸ್ಪಷ್ಟವಾಗಿ ದಾಖಲಿಸುತ್ತಿದ್ದೇನೆ.

ಮರ್ಯಾದಸ್ಥ ಸಾಕ್ಷಿಯಾಗಿ ಪುರಸಭೆಯ ಅಧ್ಯಕ್ಷೆಯನ್ನು ಕರೆದೆ. ಅವರು ಶಾಲೆಯಲ್ಲಿ ಮೂವತ್ತು ವರ್ಷ ಡ್ರಿಲ್ ಟೀಚರ್ ಆಗಿದ್ದವರು. ಅವರು ಬಂದರೆ ಊರಿನ ಅರ್ಧ ಜನ ಈಗಲೂ ಬೆನ್ನು ನೆಟ್ಟಗೆ ಮಾಡಿಕೊಳ್ಳುತ್ತಾರೆ. ಬರುವಾಗ ಕಂಪನಿಯ ಅರ್ಜಿಯನ್ನೂ ಚೀಲದಲ್ಲಿ ಹಾಕಿಕೊಂಡು ಬನ್ನಿ, ಓದುವುದು ತಪ್ಪಿದರೆ ತಾಳೆ ನೋಡಲು ಬೇಕಾಗಬಹುದು ಎಂದು ಹೇಳಿದ್ದೇನೆ.

ಏಪ್ರಿಲ್ 12, ಶನಿವಾರ

ಅಕ್ಕನಿಗೆ ವಿಷಯ ತಿಳಿಸಬೇಕಿತ್ತು, ಕೇವಲ ಮಾಹಿತಿಗಾಗಿ. ಮುಂದಿನ ಬಾಗಿಲು ಮೂರು ಸಲ ತಟ್ಟಿದೆ. ಒಳಗಿನಿಂದ ಛತ್ರಿ ಬಿಚ್ಚುವ, ಮುಚ್ಚುವ ಸದ್ದಷ್ಟೇ ಬಂತು.

ಹಿತ್ತಿಲಿಗೆ ಸುತ್ತಿ ಹೋದೆ. ತಲೆಯಿಂದ ಹೇರ್‌ಪಿನ್ ತೆಗೆದೆ. ನಲವತ್ತು ವರ್ಷದ ಹಿಂದೆ ಅರ್ಧ ನಿಮಿಷದ ಕೆಲಸ. ಇಂದು ಮಂಡಿಯೂರಿ, ಕನ್ನಡಕ ಹುಡುಕಿ, ಬೈದುಕೊಂಡು, ಕಾಲು ಗಂಟೆ ಹಿಡಿಯಿತು. ಚಿಲಕ ಕಳಚಿ ಬಾಗಿಲು ತೆರೆದರೆ ಅಕ್ಕ ಅಲ್ಲೇ ಮಣೆ ಹಾಕಿಕೊಂಡು ಕೂತಿದ್ದಾಳೆ.

“ಪಿನ್ನು ಎಡಕ್ಕೆ ತಿರುಗಿಸಬೇಕು ಅನ್ನೋದೂ ಮರೆತೋಯ್ತಾ? ನಾನು ಇಲ್ಲಿ ಕೂತು ಕೂತು ಕಾಲು ಜೋಮು ಹಿಡಿಯಿತು.”

ಹನ್ನೊಂದು ವರ್ಷದ ಮೇಲೆ ನಾನು ಆ ಮನೆಯೊಳಗೆ ಹೋದದ್ದು ಕಳ್ಳಿಯ ಹಾಗೆ, ಮೊಣಕಾಲಿನ ಮೇಲೆ. ಏಳನೇ ಕಲಮನ್ನು ಓದಿ ಹೇಳಿದೆ. ಅಕ್ಕ ಎರಡು ಸಲ ಓದಿಸಿದಳು. ಆಮೇಲೆ ತಟ್ಟೆ ಹಾಕಿದಳು. ಅನ್ನ ಸ್ವಲ್ಪ ಮೆತ್ತಗಾಗಿತ್ತು. ಕುಂದು ಎಂದು ಹೇಳಬೇಕೆನ್ನಿಸಿತು, ಬಾಯಿ ತುಂಬಿತ್ತು.

ಏಪ್ರಿಲ್ 17, ಗುರುವಾರ

ಮೊದಲನೇ ಮನೆಯ ಹಜಾರದಲ್ಲಿ ಇಡೀ ನಮ್ಮ ಬೀದಿ ನಿಂತಿತ್ತು. ಕಿಟಕಿಯಲ್ಲೂ ತಲೆಗಳು. ಅಧ್ಯಕ್ಷೆ ಅಂಚೆ ಮಾವನ ಏಕೈಕ ಕುರ್ಚಿಯಲ್ಲಿ ಕೂತಿದ್ದರು, ಅವರ ಸುತ್ತ ಎಲ್ಲರೂ ಸಾಲಾಗಿ, ಬೆನ್ನು ನೆಟ್ಟಗೆ. ನಗುಮುಖ ಹೊಸ ಅಂಗಿ ತೊಟ್ಟು ಬಂದಿದ್ದರು.

ನಾನು ಅಪ್ಪನ ಹಾಗೆ ಗಂಟಲು ಸರಿಮಾಡಿಕೊಂಡು ಓದಿದೆ: “ಒಂದನೆಯ ಕುಂದು. ಅಡುಗೆ ಮನೆಯ ಬಾಗಿಲು ಮಳೆ ಬಂದರೆ ಮುನಿಸಿಕೊಳ್ಳುತ್ತದೆ.”

“ಕೇಳಿದೆ, ಗೊತ್ತು, ಒಪ್ಪಿದೆ” ಎಂದರು ನಗುಮುಖ, ಆಟ ಆಡುವವರ ಹಾಗೆ.

ಎರಡನೆಯದು, ನಲ್ಲಿ. ಕೇಳಿದೆ, ಗೊತ್ತು, ಒಪ್ಪಿದೆ. ಮೂರನೆಯದು, ಗೋಡೆಯ ಕಿವಿ. ಅದೂ ಒಪ್ಪಿಗೆಯಾಯಿತು. ಆ ಹೊತ್ತಿಗೆ ಅಧ್ಯಕ್ಷೆ ಚೀಲದಿಂದ ಅರ್ಜಿ ತೆಗೆದು ಕನ್ನಡಕ ಹಾಕಿಕೊಂಡರು.

“ಒಂದ್ನಿಮಿಷ. ಈ ಬಾಗಿಲು ಇಲ್ಲೂ ಇದೆ. ನಲ್ಲೀನೂ ಇದೆ, ಗೋಡೆನೂ ಇದೆ. ಇವುಗಳಿಂದ ಈ ಮನೇಲಿ ಮನುಷ್ಯರು ಇರೋ ಹಾಗಿಲ್ಲ ಅಂತ ನೀವೇ ನಮಗೆ ಬರೆದಿದ್ದೀರಿ. ಈಗ ಗೊತ್ತು, ಒಪ್ಪಿಯೇ ಮನೆ ಕೊಳ್ತಿದ್ದೀನಿ ಅಂತೀರಿ. ನಾನು ಯಾವುದನ್ನ ನಂಬಲಿ?”

ನಗುಮುಖ ಅದು ಬೇರೆ ಕಾಗದ, ಇದು ಬೇರೆ ಕಾಗದ ಎಂದು ವಿವರಿಸತೊಡಗಿದರು.

“ಕಾಗದ ಎಷ್ಟಾದರೂ ಇರಲಿ ಸ್ವಾಮಿ” ಎಂದರು ಅಂಚೆ ಮಾವ ಮೂಲೆಯಿಂದ, “ಬಾಗಿಲು ಒಂದೇ.”

ಯಾರೂ ನಗಲಿಲ್ಲ. ಅದೇ ಹೆಚ್ಚು ಭಯಂಕರವಾಗಿತ್ತು. ನಗುಮುಖ ನನ್ನ ಕಡೆ ತಿರುಗಿದರು. ಆ ಮುಖದಲ್ಲಿ ನಗು ಇಲ್ಲದ್ದನ್ನು ಮೊದಲ ಸಲ ಕಂಡೆ, ಪಾಪ, ಸಾಧಾರಣ ಮುಖ. ಒಪ್ಪಿದೆ ಎಂದರೆ ಅರ್ಜಿ ಸುಳ್ಳಾಗುತ್ತದೆ. ಒಪ್ಪಿಲ್ಲ ಎಂದರೆ ಕರಾರು ಬರಿಯ ಕಾಗದವಾಗುತ್ತದೆ. ಹಳೆಯ ಫಾರಮ್ಮೊಂದು ಇಷ್ಟು ಗಟ್ಟಿಯಾಗಿ ಕಚ್ಚುತ್ತದೆಂದು ಅವರೂ ಎಣಿಸಿರಲಿಲ್ಲ, ನಾನೂ ಎಣಿಸಿರಲಿಲ್ಲ. ಅಂದರೆ, ನಾನು ಎಣಿಸಿದ್ದೆ ಎಂದು ಯಾರೂ ಸಾಬೀತು ಮಾಡಲಾರರು.

“ಮೇಡಂ, ನೀವು ಯಾರ ಕಡೆಯವರು?”

“ನಾನು ಬ್ರೋಕರ್ ಸಾರ್. ನಡುವಿನವಳು. ನಾಲ್ಕನೇ ಕುಂದು ಓದಲಾ?”

ಓದಿಸಿಕೊಳ್ಳಲಿಲ್ಲ. ಫೈಲು ಕಂಕುಳಲ್ಲಿ ಇಟ್ಟುಕೊಂಡು ಸರಸರನೆ ಹೊರಟರು. ಮೊದಲ ಮೆಟ್ಟಿಲು, ಎರಡನೇ ಮೆಟ್ಟಿಲು ಇಳಿದರು. ಮೂರನೆಯದು ಸುಳ್ಳು ಹೇಳಿತು. ಫೈಲು ಒಂದು ಕಡೆ, ಅವರು ಒಂದು ಕಡೆ.

ಸೈಕಲ್ ಅಣ್ಣ ಓಡಿ ಹೋಗಿ ಎತ್ತಿ ನಿಲ್ಲಿಸಿದ. ಅಕ್ಕ ಮಣ್ಣು ಕೊಡವಿ ಕೊಟ್ಟಳು. ಅದೇ ನಾಲ್ಕನೇ ಕುಂದಾಗಿತ್ತು, ಒಂದು ನಿಮಿಷ ನಿಂತು ಕೇಳಿಸಿಕೊಂಡಿದ್ದರೆ ಒಳ್ಳೆಯದಿತ್ತು ಎಂದು ನಾನು ವಿನಯದಿಂದ ತಿಳಿಸಿದೆ.

ಏಪ್ರಿಲ್ 21, ಸೋಮವಾರ

ಸಭೆ. ಅರ್ಜಿ ತಿರಸ್ಕೃತ. ಅಧ್ಯಕ್ಷೆ ಸೀಟಿ ಊದಲಿಲ್ಲ ಅಷ್ಟೇ. ಕಾರಂಜಿ ಬೇಕಾದರೆ ಖಾಲಿ ಬಿದ್ದಿರುವ ಕಾರ್ಖಾನೆಯ ಜಾಗದಲ್ಲೇ ಹಾಕಿ ಎಂದರು. ಹದಿನಾಲ್ಕು ವರ್ಷದಿಂದ ಆ ಜಾಗ ಖಾಲಿ ಇರುವುದು ಯಾರ ಕಣ್ಣಿಗೂ ಬಿದ್ದಿರಲಿಲ್ಲವೇಕೆ ಎಂದು ಯಾರೂ ಕೇಳಲಿಲ್ಲ. ಪುನಶ್ಚೇತನದ ಕೆಲಸದಲ್ಲಿ ಅಂಥ ಪ್ರಶ್ನೆ ಸಲ್ಲ.

ಮೇ 6, ಮಂಗಳವಾರ

ಹದಿನಾಲ್ಕು ಮನೆಯವರು ಕಾಗದ ವಾಪಸು ಪಡೆದರು. ಮೂವರು ಮಾರಿಯೇ ತೀರುತ್ತೇವೆ ಎಂದರು. ಅವರನ್ನು ತಡೆಯಲು ನಾನ್ಯಾರು? ಮನೆ ಮಾರುವುದು ಪಾಪವಲ್ಲ. ನನ್ನ ಅನ್ನವೇ ಅದು. ಅಂಚೆ ಮಾವನೂ ಆ ಮೂವರಲ್ಲಿ ಒಬ್ಬರು. ಮಂಡಿ ಕೇಳುವುದಿಲ್ಲ, ತಮ್ಮನ ಮನೆ ನೆಲಮಟ್ಟದಲ್ಲಿದೆ, ಮೆಟ್ಟಿಲೇ ಇಲ್ಲ ಎಂದರು.

ಕಂಪನಿ ಬೇರೊಬ್ಬರನ್ನು ಕಳುಹಿಸಿತು, ನಗದ ಹೆಂಗಸು. ಅಂಚೆ ಮಾವನ ಮನೆಯ ನಾಲ್ಕೂ ಕುಂದು ಕೇಳಿ, ನಾಲ್ಕಕ್ಕೂ ಒಪ್ಪಿದೆ ಎಂದು, ಪೂರ್ತಿ ಬೆಲೆಗೆ ಕೊಂಡರು. ಲಗತ್ತು ಹಾಳೆ ಇರಲಿಲ್ಲ. ನಾನು 'ಹಿಂದೆ ಮುಂದೆ' ತಿರುಗಿಸಿ ನೋಡಿದೆ. ಹೊರಡುವ ಮುನ್ನ ಅಂಚೆ ಮಾವ ಅಡುಗೆ ಮನೆಯ ಬಾಗಿಲಿಗೆ ಒಮ್ಮೆ ಭುಜ ಕೊಟ್ಟರು. ಮಳೆಯಿರಲಿಲ್ಲ, ಬಾಗಿಲು ಸಲೀಸಾಗಿ ತೆರೆದುಕೊಂಡಿತು. ಅದೊಂದು ಅವರಿಗೆ ಬೇಸರವಾಯಿತು.

ಮೇ 14, ಬುಧವಾರ

ಸೈಕಲ್ ಅಣ್ಣನ ಅಂಗಡಿ ಇರುವುದು ಕಾರ್ಖಾನೆಯ ಜಾಗದಲ್ಲಿ, ಅಂದರೆ ಈಗ ಕಂಪನಿಯದು. ಅಂಗಡಿ ಇರಬಹುದು, ಮುಂದಿನ ಮೇಜು ಇರಕೂಡದು ಎಂದು ಅವನಿಗೆ ಕಾಗದ ಬಂದಿದೆ. ಅವನು ಅದನ್ನು ಪಂಕ್ಚರ್ ನೋಡುವ ನೀರಿನ ತೊಟ್ಟಿಯಲ್ಲಿ ಅದ್ದಿ, “ಗುಳ್ಳೆ ಬರ್ತಿಲ್ಲ ಬ್ರೋಕರಮ್ಮ, ಕಾಗದ ಗಟ್ಟಿಯಾಗೇ ಇದೆ” ಎಂದ. ಅವನಿಗೂ ಹೆಂಡತಿ ಮಕ್ಕಳಿದ್ದಾರೆ. ಮೇಜು ನಾನೇ ತೆಗೆಯುತ್ತೇನೆ ಎಂದೆ.

ಗಾಜಿನ ಕೋಣೆಯ ಬಾಗಿಲಿಗೆ ನನ್ನ ಆರು ಕುಂದುಗಳ ಪಟ್ಟಿಯನ್ನು ಅಂಟಿಸಿ ಬಂದೆ. ಕೊಳ್ಳುವವರಿಗೆ ಗೊತ್ತಿರಲಿ. ಏಳನೆಯದಾಗಿ ಪಾರಿವಾಳವನ್ನೂ ಸೇರಿಸಿದೆ.

ಮೇ 18, ಭಾನುವಾರ

ಮೇಜು ಈಗ ಒಂಬತ್ತನೇ ಮನೆಯ ಹಜಾರದಲ್ಲಿದೆ, ಬೇರೆ ಬಣ್ಣದ ಗಾಜಿನ ಕಿಟಕಿಯ ಕೆಳಗೆ. ಇದು ತಾತ್ಕಾಲಿಕ. ನಿತ್ಯ ಮಧ್ಯಾಹ್ನ ಅಲ್ಲೇ ಊಟ ಮಾಡುವುದು ಸಮಯ ಉಳಿತಾಯಕ್ಕೆ.

ಅಕ್ಕ ನನಗೆ ಹಜಾರ ಬಾಡಿಗೆಗೆ ಕೊಡುವುದಾದರೂ ನಿಯಮ ನಿಯಮವೇ ಎಂದೆ. ಮನೆಯ ಮೂರು ಪುಟದ ಕುಂದನ್ನು ಗಟ್ಟಿಯಾಗಿ ಓದಿ, ಪ್ರತಿಯೊಂದಕ್ಕೂ ನಾನೇ ಒಪ್ಪಿದೆ ಎಂದೆ. ಅಕ್ಕ ಕೇಳಿಸಿಕೊಂಡು, ಸೆರಗಿನ ಗಂಟಿನಿಂದ ಮಡಿಸಿದ ಒಂದು ಚೀಟಿ ತೆಗೆದಳು. ಮನೆಯ ಕುಂದು ಮಾತ್ರ ಓದಿದರೆ ಹೇಗೆ, ಬರುವವಳದೂ ಓದಬೇಕಲ್ಲ ಎಂದಳು. ಭಾವ ಮರ್ಯಾದಸ್ಥ ಸಾಕ್ಷಿಯಾಗಿ ಬೋಗುಣಿ ಹಿಡಿದು ನಿಂತರು.

“ಒಂದು. ಬೆಳಿಗ್ಗೆ ಮಾತಾಡಲ್ಲ, ಸಂಜೆ ನಿಲ್ಲಿಸಲ್ಲ.”

ಕೇಳಿದೆ, ಗೊತ್ತು, ಒಪ್ಪಿದೆ.

“ಎರಡು. ಛತ್ರಿ ತಗೊಂಡು ಹೋದ್ರೆ ವಾಪಸ್ ತರಲ್ಲ.”

ಇದಕ್ಕೆ ನನ್ನ ತಕರಾರಿದೆ, ಆ ಛತ್ರಿ ನನ್ನದೇ. ಆದರೂ ವಿವಾದ ಬೇಡವೆಂದು ಒಪ್ಪಿದೆ.

“ಮೂರು. ತಪ್ಪು ಮಾಡಿದ್ರೆ ಒಪ್ಪಲ್ಲ. ಸದ್ದಿಲ್ಲದೆ ಸರಿ ಮಾಡಿ, ಏನೂ ಆಗಿಲ್ಲ ಅಂತ ಕೂರ್ತಾಳೆ.”

ನಾನು ತಪ್ಪೇ ಮಾಡಿಲ್ಲವಾದ್ದರಿಂದ ಇದು ಅನ್ವಯಿಸುವುದಿಲ್ಲ. ಆದರೂ ಒಪ್ಪಿದೆ.

ಅಕ್ಕ ಚೀಟಿ ಮಡಿಸಿದಳು. ನಾಲ್ಕನೆಯದನ್ನು ನೋಡದೆಯೇ ಹೇಳಿದಳು.

“ನಾಲ್ಕು. ಎರಡು ಬೀದಿ ಆಚೆ ಕೂತ್ಕೊಂಡು ಹನ್ನೊಂದು ವರ್ಷ ಬರಲಿಲ್ಲ.”

ಫಾರಮ್ಮಿನ ಪ್ರಕಾರ ಗಟ್ಟಿಯಾಗಿ ಹೇಳಬೇಕು. ಹೇಳಿದೆ. ಅದಕ್ಕೂ ಮೊದಲು ಕನ್ನಡಕ ತೆಗೆದು ಒರೆಸಿಕೊಂಡೆ, ಧೂಳು. ಆಮೇಲೆ ಸಹಿ ಹಾಕಿದೆ.

ಸಹಿಯ ಮೇಲೆ ಒಂದು ಹನಿ ಬಿದ್ದು ಶಾಯಿ ಹರಡಿತು. ಸೋರುವ ಮನೆ, ಇದೇನು ಹೊಸತಲ್ಲ; ಏಳು ಜಾಗಗಳನ್ನು ನಾನೇ ಪಟ್ಟಿ ಮಾಡಿದ್ದೇನೆ. ಭಾವ ಬೋಗುಣಿಯನ್ನು ಮೇಜಿನ ಮೇಲಿಡಲು ಬಂದವರು ಕಿಟಕಿಯಾಚೆ ನೋಡಿ, ಹೊರಗೆ ಬಿಸಿಲಿದೆ ಎಂದರು.

ಭಾವನಿಗೆ ಹವಾಮಾನ ಗೊತ್ತಾಗುವುದಿಲ್ಲ.